ಅಪ್ಪನ 35ನೇ ನಂಬರಿನ ಜೆರ್ಸಿ

ಮೆಲ್ಬರ್ನ್‌ನಲ್ಲಿ ಫುಟ್ಬಾಲ್ ಅಂದರೆ ಮೆಸ್ಸಿ ಆಡೋ ಆಟ ಅಲ್ಲ. ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ ಮೈದಾನದಷ್ಟು ದೊಡ್ಡ ಅಂಗಳ, ಒಂದೊಂದು ಕಡೆ 18 ಜನ. ಇದು ಆಸ್ಟ್ರೇಲಿಯನ್ ರೂಲ್ಸ್.

ಈ ಆಟದಲ್ಲಿ ಕಾಲಿಂಗ್‌ವುಡ್ ಕ್ಲಬ್ಬಿಗೆ ಪೀಟರ್ ಡೇಕೋಸ್ ಅಂದರೆ ಮನೆದೇವರ ಹಾಗೆ. 250 ಪಂದ್ಯ, 549 ಗೋಲು. ಅವರ ಕಿರಿಮಗ ನಿಕ್, 2003ರಲ್ಲಿ ಹುಟ್ಟಿದವನು.

ಇಲ್ಲಿ ಹೊಸ ಹುಡುಗರನ್ನು ಕ್ಲಬ್ಬುಗಳು ಡ್ರಾಫ್ಟ್‌ನಲ್ಲಿ ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಆದರೆ ಅಪ್ಪ ಅದೇ ಕ್ಲಬ್ಬಿಗೆ 100 ಪಂದ್ಯ ಆಡಿದ್ದರೆ, ಮಗನ ಮೇಲೆ ಆ ಕ್ಲಬ್ಬಿಗೆ ಮೊದಲ ಹಕ್ಕು. ಹಾಗಂತ ಪುಕ್ಕಟೆ ಅಲ್ಲ! 2021ರಲ್ಲಿ ಗೋಲ್ಡ್ ಕೋಸ್ಟ್ ಕ್ಲಬ್ ನಿಕ್‌ಗಾಗಿ ಬಿಡ್ ಮಾಡಿತು. ಅದನ್ನು ಸರಿಗಟ್ಟಲು ಕಾಲಿಂಗ್‌ವುಡ್ ತನ್ನ ಬೇರೆ ಆಯ್ಕೆಗಳನ್ನು ಬಿಟ್ಟುಕೊಟ್ಟು, ನಾಲ್ಕನೇ ಆಯ್ಕೆಯಾಗಿ ಅವನನ್ನು ಪಡೆಯಿತು.

ಅಣ್ಣ ಜೋಶ್ ಆಗಲೇ ತಂಡದಲ್ಲಿದ್ದ. ನಿಕ್ ತೊಟ್ಟಿದ್ದು ಅಪ್ಪನದೇ 35ನೇ ನಂಬರ್. ಹತ್ತೊಂಬತ್ತರ ಹುಡುಗನ ಬೆನ್ನಿಗೆ ಸಣ್ಣ ಭಾರವೇನಲ್ಲ ಅದು.

2022, ಮೊದಲ ಸೀಸನ್: ವರ್ಷದ ಶ್ರೇಷ್ಠ ಯುವ ಆಟಗಾರನಿಗೆ ಕೊಡುವ ರೈಸಿಂಗ್ ಸ್ಟಾರ್ ಪ್ರಶಸ್ತಿ.

2023ರ ಆಗಸ್ಟ್‌ನಲ್ಲಿ ಮೊಣಕಾಲಿನ ಮೂಳೆಗೆ ಪೆಟ್ಟು. ಕೆಲವು ವಾರ ಹೊರಗೆ. ಆದರೂ ಸೆಮಿಫೈನಲ್‌ನಂಥ ಪ್ರಿಲಿಮಿನರಿ ಫೈನಲ್‌ಗೆ ವಾಪಸ್ ಬಂದ. ತಂಡ ಒಂದೇ ಪಾಯಿಂಟಿನಲ್ಲಿ ಪಾರಾಯಿತು. ನಂತರದ ಗ್ರ್ಯಾಂಡ್ ಫೈನಲ್‌ನಲ್ಲಿ ಬ್ರಿಸ್ಬೇನ್ ವಿರುದ್ಧ 90–86ರ ಗೆಲುವು. ಒಂದು ಗೋಲಿಗೇ 6 ಪಾಯಿಂಟ್ ಸಿಗುವ ಆಟ ಇದು, ಲೆಕ್ಕ ಹಾಕಿ!

ಅಪ್ಪನ ಹೆಸರಿನಿಂದ ಬಾಗಿಲು ತೆರೆದಿರಬಹುದು. ಒಳಗೆ ಓಡಿದ್ದು ಮಾತ್ರ ಇವನದೇ ಕಾಲು.

ಮೆಲ್ಬರ್ನ್‌ನ ಎಂಸಿಜಿ ಮೈದಾನದಲ್ಲಿ ಆ ಗ್ರ್ಯಾಂಡ್ ಫೈನಲ್ ಕಪ್ ಎತ್ತಿದಾಗ ನಿಕ್‌ಗೆ ವಯಸ್ಸು 20.