ದೂರದ ಓಟವೂ ದೇಹದ ವಯಸ್ಸೂ

ಕೈವಾರದ ತಾತಯ್ಯನವರು ನೂರಹತ್ತು ವರ್ಷ ಬಾಳಿದರೆಂಬ ಪ್ರತೀತಿಯನ್ನು ಭಕ್ತಿಯಿಂದ ಕೇಳುತ್ತ ಬೆಳೆದ ಚಿಂತಾಮಣಿ ಸೀಮೆಯವರಿಗೆ ದೀರ್ಘಾಯುಷ್ಯವೆಂಬುದು ಹೊಸ ಮಾತಲ್ಲ. ಆದರೆ ಬಹುಕಾಲ ಬಾಳುವುದು ಒಂದು. ಆ ಬಾಳಿನ ಯಾವ ಘಟ್ಟದಲ್ಲಿ ದೇಹವು ದೀರ್ಘಶ್ರಮದ ಪರಾಕಾಷ್ಠೆಯನ್ನು ಮುಟ್ಟುತ್ತದೆಂಬುದು ಮತ್ತೊಂದು. ಈ ಎರಡನೆಯ ಪ್ರಶ್ನೆಯನ್ನು ನಮ್ಮ ಜಿಲ್ಲೆಯ ನಂದಿಬೆಟ್ಟದ ರಸ್ತೆ ಪ್ರತಿ ಭಾನುವಾರದ ನಸುಕಿನಲ್ಲಿಯೂ ಕೇಳುತ್ತದೆ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಆ ಗಿರಿಯನ್ನು ಸೈಕಲ್ ತುಳಿದು ಏರಲೆಂದು ಬೆಂಗಳೂರಿನಿಂದ ಬರುವವರಲ್ಲಿ, ಮೊದಲ ತಿರುವುಗಳನ್ನು ಹಾರಿದಂತೆ ದಾಟಿ ನಡುದಾರಿಯಲ್ಲಿ ಏದುಸಿರು ಬಿಡುತ್ತ ನಿಂತ ತರುಣನನ್ನು, ತಲೆ ನರೆತವರೊಬ್ಬರು ಒಂದೇ ಹದದಲ್ಲಿ ತುಳಿಯುತ್ತ ಹಿಂದಿಕ್ಕುವ ನೋಟ ಅಪರೂಪವಲ್ಲ.

ದೀರ್ಘಶ್ರಮದ ಆಟಗಳು ಬೇಡುವ ಸಾಮರ್ಥ್ಯ ಒಂದೇ ಬಗೆಯದಲ್ಲ. ಹೃದಯ, ಶ್ವಾಸಕೋಶ, ರಕ್ತಗಳು ಕೂಡಿ ಒದಗಿಸಿ ಸ್ನಾಯುಗಳು ಬಳಸಬಲ್ಲ ಪ್ರಾಣವಾಯುವಿನ ಗರಿಷ್ಠ ಪ್ರಮಾಣ ಮೊದಲನೆಯದು. ಅದರಲ್ಲಿ ಎಷ್ಟು ಪಾಲನ್ನು ಗಂಟೆಗಟ್ಟಲೆ ವ್ಯಯಿಸಿಯೂ ಕುಸಿಯದೆ ನಿಲ್ಲಬಹುದೆಂಬುದು ಎರಡನೆಯದು. ಅದೇ ವೇಗವನ್ನು ಕಡಮೆ ಪ್ರಾಣವಾಯುವಿನಲ್ಲಿ ಸಾಧಿಸುವ ಮಿತವ್ಯಯ ಮೂರನೆಯದು. ಮೊದಲನೆಯದು ಇಪ್ಪತ್ತರ ಹರೆಯದಲ್ಲಿ ತುಂಬಿ, ಮೂವತ್ತರ ತರುವಾಯ, ಮುಖ್ಯವಾಗಿ ಹೃದಯಬಡಿತದ ಮೇಲ್ಮಿತಿ ತಗ್ಗುತ್ತ ಹೋಗುವ ಕಾರಣದಿಂದ, ಕುಳಿತೇ ಕಾಲ ಕಳೆಯುವವರಲ್ಲಿ ದಶಕಕ್ಕೆ ಸುಮಾರು ನೂರಕ್ಕೆ ಹತ್ತರಂತೆ ಇಳಿಯುತ್ತದೆ. ಕಠಿಣ ಅಭ್ಯಾಸವನ್ನು ಬಿಡದವರಲ್ಲಿ ಈ ಇಳಿತ ಮಂದ. ಉಳಿದೆರಡಾದರೋ ವರ್ಷಗಳ ಸಾಧನೆಯಿಂದ ಪಕ್ವವಾಗುವಂಥವು. ಸ್ನಾಯುಗಳಲ್ಲಿಯೂ ಚಿಮ್ಮುವುದಕ್ಕೆ ಬೇಕಾದ ಶೀಘ್ರತಂತುಗಳು ಮೊದಲು ಕ್ಷಯಿಸುತ್ತವೆ, ತಾಳಿಕೆಯ ಮಂದತಂತುಗಳು ಬಹುಕಾಲ ಉಳಿಯುತ್ತವೆ. ಆದಕಾರಣವೇ ನೂರು ಮೀಟರ್ ಓಟಗಾರನ ಉಚ್ಛ್ರಾಯಕಾಲ ಇಪ್ಪತ್ತೈದರ ಆಸುಪಾಸಿನದಾದರೆ, ಮ್ಯಾರಥಾನಿನದು ಮೂವತ್ತರ ಸಮೀಪಕ್ಕೆ ಸರಿಯುತ್ತದೆ. ಹಗಲಿರುಳು ಓಡುವ ಅತಿದೀರ್ಘ ಸ್ಪರ್ಧೆಗಳಲ್ಲಿ ಇನ್ನೂ ಮುಂದಕ್ಕೆ.

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟು ನೋಡಿದರೆ ನಮ್ಮ ನಾಡಿನ ಒಬ್ಬ ಓಟಗಾರರ ಕಥೆ ಬೇರೆಯಾಗಿಯೇ ಕಾಣುತ್ತದೆ. 1920ರ ಆಗಸ್ಟ್ 22ರಂದು ಬೆಲ್ಜಿಯಮ್ಮಿನ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ, ಇಂದಿನ ಮ್ಯಾರಥಾನಿಗಿಂತ ತುಸು ದೀರ್ಘವಾದ 42.75 ಕಿಲೋಮೀಟರ್ ಹಾದಿಯನ್ನು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಕ್ರಮಿಸಿ ಹತ್ತೊಂಬತ್ತನೆಯವರಾದರು. ಗೆದ್ದ ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ 2 ಗಂಟೆ 32 ನಿಮಿಷಗಳಲ್ಲಿ ಗುರಿ ಮುಟ್ಟಿದ್ದರು. ಇಬ್ಬರ ನಡುವಣ ಹದಿನೆಂಟು ನಿಮಿಷಗಳು ದಾಖಲೆಯಲ್ಲಿವೆ. ಹನ್ನೆರಡು ವರ್ಷಗಳನ್ನು ಎಣಿಸಿದವರು ವಿರಳ. ಕೊಲೆಮೈನೆನ್‌ಗೆ ಆಗ ಮೂವತ್ತು. 1902ರಲ್ಲಿ ಹುಟ್ಟಿದ ಚೌಗುಲೆಯವರಿಗೆ ಹದಿನೆಂಟರ ಪ್ರಾಯ. ಶರೀರಶಾಸ್ತ್ರದ ಪ್ರಕಾರ ಅವರ ಅತ್ಯುತ್ತಮ ಓಟಕ್ಕೆ ಇನ್ನೂ ಒಂದು ದಶಕವಿತ್ತು. ಆದರೆ ಅವರ ಒಲಿಂಪಿಕ್ಸ್ ಜೀವನ ಆ ಒಂದು ಕೂಟಕ್ಕೇ ಮುಗಿಯಿತು. ಜಲಂಧರದಲ್ಲಿ 1978ರಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಮ್ಯಾರಥಾನ್ ಓಡಿ, ನಾಲ್ಕು ದಶಕಗಳಿಗೂ ಮೀರಿ ಅಭಂಗವಾಗಿ ನಿಂತ ರಾಷ್ಟ್ರೀಯ ದಾಖಲೆಯನ್ನು ಸ್ಥಾಪಿಸಿದಾಗ ಶಿವನಾಥ್ ಸಿಂಗ್ ಅವರು ಮೂವತ್ತನ್ನು ದಾಟಿದ್ದರೆಂಬುದನ್ನು ನೆನೆದರೆ, ಬೆಳಗಾವಿಯ ಆ ಹುಡುಗ ಮೂವತ್ತಕ್ಕೆ ಏನು ಮಾಡಬಹುದಿತ್ತೆಂಬ ಊಹೆಯನ್ನು ತಡೆಯುವುದು ಕಷ್ಟ.

ಹೊರಗಿನ ನಿದರ್ಶನಗಳು ಬೇಕಾದಷ್ಟಿವೆ. ಪೋರ್ಚುಗಲ್ಲಿನ ಕಾರ್ಲೊಸ್ ಲೋಪೆಸ್ 1984ರಲ್ಲಿ ಒಲಿಂಪಿಕ್ ಮ್ಯಾರಥಾನ್ ಗೆದ್ದದ್ದು ಮೂವತ್ತೇಳರಲ್ಲಿ. ಮರುವರ್ಷ ವಿಶ್ವದಾಖಲೆಯೂ ಅವರದಾಯಿತು. ರೊಮೇನಿಯಾದ ಕಾನ್‌ಸ್ಟಾಂಟಿನಾ ಡಿಟಾ 2008ರಲ್ಲಿ ಬೀಜಿಂಗಿನಲ್ಲಿ ಮೂವತ್ತೆಂಟರಲ್ಲಿ ಚಿನ್ನ ಪಡೆದರು. ಆದರೆ ವಯಸ್ಸೇ ವೇಗವನ್ನು ತಂದುಕೊಟ್ಟಿತೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಟ್ರ್ಯಾಕಿನ ಓಟಗಳಲ್ಲಿ ಯೌವನ ಕಳೆದು, ಅಲ್ಲಿ ಕಾಲು ಸೋತ ಮೇಲೆ ಮ್ಯಾರಥಾನಿಗೆ ಬರುವುದು ಹಿಂದಿನವರ ರೂಢಿಯಾಗಿತ್ತು. ಇಂದು ಬಹುಮಾನದ ಹಣ ರಸ್ತೆಯ ಓಟಗಳಲ್ಲಿ ಹೇರಳವಾಗಿರುವುದರಿಂದ ತರುಣರು ನೇರವಾಗಿ ಅಲ್ಲಿಗೇ ಬರುತ್ತಾರೆ. ಕೀನ್ಯಾದ ಕೆಲ್ವಿನ್ ಕಿಪ್ಟಂ 2023ರಲ್ಲಿ ಶಿಕಾಗೋದಲ್ಲಿ 2 ಗಂಟೆ 35 ಸೆಕೆಂಡುಗಳ ವಿಶ್ವದಾಖಲೆ ಬರೆದಾಗ ಅವರಿಗೆ ಇಪ್ಪತ್ತಮೂರು.

ನನಗೆ ಹೆಚ್ಚು ಕುತೂಹಲಕರವಾಗಿ ತೋರುವುದು ಶಿಖರವಲ್ಲ, ಅದರಾಚೆಯ ನೆಲ. ನಂದಿಯ ನೆತ್ತಿ ಮೊನಚಲ್ಲ, ವಿಶಾಲವಾದ ಹರವು. ದೀರ್ಘ ಓಟದ ಪರಾಕಾಷ್ಠೆಯೂ ಅಂಥದೇ. ಎಡೆಬಿಡದ ಸಾಧಕರಲ್ಲಿ ಅರವತ್ತರವರೆಗೆ ಇಳಿಜಾರು ಸೌಮ್ಯ, ಎಪ್ಪತ್ತರ ಆಚೆಗೇ ಕಡಿದು. ಎಳೆಯ ವಯಸ್ಸಿನಲ್ಲಿ ಇಂಗ್ಲೆಂಡಿನಲ್ಲಿ ಓಡಿ, ಬಹುಕಾಲ ಬಿಟ್ಟು, ನಲವತ್ತರ ಪ್ರಾಯದಲ್ಲಿ ಮರಳಿ ಆರಂಭಿಸಿದ ಕೆನಡಾದ ಎಡ್ ವಿಟ್ಲಾಕ್ 2004ರಲ್ಲಿ, ಎಪ್ಪತ್ತಮೂರರಲ್ಲಿ, ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡುಗಳಲ್ಲಿ ಮುಗಿಸಿದರು. 2016ರಲ್ಲಿ, ಎಂಬತ್ತೈದರಲ್ಲಿ, 3 ಗಂಟೆ 56 ನಿಮಿಷ 34 ಸೆಕೆಂಡುಗಳಲ್ಲಿ. ಅವರ ಅಭ್ಯಾಸವೆಲ್ಲ ಮನೆಯ ಹತ್ತಿರದ ಸ್ಮಶಾನವೊಂದರ ಸುತ್ತ ಗಂಟೆಗಟ್ಟಲೆ ನಿಧಾನವಾಗಿ ಓಡುವುದು. ಆ ಸ್ಥಳದ ಆಯ್ಕೆಯ ವಿನೋದವನ್ನು ವಾಚಕರಿಗೇ ಬಿಡುತ್ತೇನೆ.

ಐವತ್ತು ಮೀರಿ ನಂದಿಯನ್ನೋ ಕೈಲಾಸಗಿರಿಯನ್ನೋ ಏರಹೊರಡುವ ನಮ್ಮವರು ಮೊದಲು ವೈದ್ಯರಲ್ಲಿ ಹೃದಯ ಪರೀಕ್ಷೆ ಮಾಡಿಸಿಕೊಳ್ಳಲಿ. ಶೀಘ್ರತಂತುಗಳ ಸವೆತವನ್ನು ತಡೆಹಿಡಿಯಲು ವಾರಕ್ಕೆರಡು ದಿನ ಭಾರ ಎತ್ತಲಿ. ಇಪ್ಪತ್ತರಲ್ಲಿ ಒಂದೇ ರಾತ್ರಿಯ ನಿದ್ರೆಗೆ ಕಳೆಯುತ್ತಿದ್ದ ದಣಿವಿಗೆ ಈಗ ಎರಡು ಮೂರು ದಿನಗಳನ್ನು ಕೊಡಲಿ. ಹಿರಿಯ ಓಟಗಾರರನ್ನು ಅಂಗಳದಿಂದ ಮನೆಗೆ ಕಳುಹಿಸುವುದು ಬಹುತೇಕ ವಯಸ್ಸಲ್ಲ, ಗಾಯ ಮಾಯುವ ಮೊದಲೇ ಮತ್ತೆ ಓಡುವ ಆತುರ.