ಗಾಯಾಳುವಿಗಿಂತ ಮೊದಲೇ ತಲುಪಬೇಕಾದ ಸ್ಕ್ಯಾನ್

ಸಂಡೂರಿನ ಅದಿರು ಲಾರಿಗಳ ರಸ್ತೆಯಲ್ಲಾಗಲಿ, ಹಂಪಿಯ ಬಂಡೆಗಳಿಂದ ಜಾರಿಯಾಗಲಿ, ಕಂಪ್ಲಿಯ ಗದ್ದೆ ದಾರಿಯಲ್ಲಿ ಟ್ರ್ಯಾಕ್ಟರ್ ಮಗುಚಿಯಾಗಲಿ ತಲೆಗೆ ಪೆಟ್ಟು ಮಾಡಿಕೊಂಡವರನ್ನು ಮೊದಲು ಹತ್ತಿರದ ಆಸ್ಪತ್ರೆಗೆ ಸೇರಿಸಿ, ಮಿದುಳಿನ ಶಸ್ತ್ರಚಿಕಿತ್ಸೆ ಬೇಕಾದೀತೆಂದು ಕಂಡಾಗ ಬಹುತೇಕ ಹೊಸಪೇಟೆಯಿಂದ ಸುಮಾರು 60 ಕಿ.ಮೀ. ದೂರದ ಬಳ್ಳಾರಿಗೆ ಅಥವಾ ಸುಮಾರು 145 ಕಿ.ಮೀ. ದೂರದ ಹುಬ್ಬಳ್ಳಿಗೆ ರೆಫರ್ ಮಾಡಲಾಗುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ, ಹಂಪಿಗಳು ಬೇರೆ ಜಿಲ್ಲೆಗೆ ಸೇರಿ, ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದರೂ, ಹೆಸರು ಬದಲಾದ ಮೇಲೂ ಜನರ ಬಾಯಲ್ಲಿ ‘ವಿಮ್ಸ್’ ಆಗಿಯೇ ಇರುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ನಾಲ್ಕೂ ಊರುಗಳಿಗೆ ಮುಖ್ಯ ಆಸರೆಯಾಗಿದೆ. ಗಾಯಾಳುವಿನ ಜೊತೆಗೆ ಅವರ ಸ್ಕ್ಯಾನ್ ಚಿತ್ರವೂ ಈ ದಾರಿ ಕ್ರಮಿಸಬೇಕು. ಆ ಚಿತ್ರದ ಬಗೆಗಿನ ತಪ್ಪು ತಿಳಿವಳಿಕೆಗಳು ಗಾಯಾಳುವಿನ ಸಮಯವನ್ನೇ ತಿನ್ನುತ್ತಿವೆ.

ಫಿಲ್ಮಿನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ಸ್ಕ್ಯಾನ್ ಕಳುಹಿಸಿದಂತಾಯಿತು ಎಂಬುದು ಇವುಗಳಲ್ಲಿ ಅತಿ ವ್ಯಾಪಕವಾದ ನಂಬಿಕೆ. ಸಿ.ಟಿ. ಯಂತ್ರವು ದೇಹವನ್ನು ತೆಳುವಾದ ಅಡ್ಡ ಪದರಗಳಾಗಿ ಅಳೆದು, ಪ್ರತಿ ಪದರವನ್ನು ಸಾಮಾನ್ಯವಾಗಿ 512×512 ಬಿಂದುಗಳ ಚೌಕವಾಗಿ ದಾಖಲಿಸುತ್ತದೆ. ಪ್ರತಿ ಬಿಂದುವಿನಲ್ಲೂ ಅಡಗಿರುವುದು ಬಣ್ಣವಲ್ಲ, ಒಂದು ಸಂಖ್ಯೆ. ಹೌನ್ಸ್‌ಫೀಲ್ಡ್ ಮಾನವೆಂದು ಕರೆಯುವ ಈ ಸಂಖ್ಯೆ ನೀರಿಗೆ 0, ಗಾಳಿಗೆ −1000, ಗಟ್ಟಿ ಮೂಳೆಗೆ 1000ದ ಆಸುಪಾಸಿನಲ್ಲಿದ್ದರೆ, ಮಿದುಳಿಗೆ 30–40 ಮತ್ತು ಹೊಸದಾಗಿ ಹೆಪ್ಪುಗಟ್ಟಿದ ರಕ್ತಕ್ಕೆ 60–80ರಷ್ಟಿರುತ್ತದೆ. ಇಷ್ಟು ಕಿರಿದಾದ ಅಂತರವನ್ನು ಕಣ್ಣಿಗೆ ಕಾಣಿಸಲು ವೈದ್ಯರು ಪರದೆಯ ಮೇಲೆ ‘ವಿಂಡೋ’ ಬದಲಿಸುತ್ತಾರೆ, ಅಂದರೆ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಕಪ್ಪು–ಬಿಳುಪನ್ನು ಹರಡಬೇಕೆಂದು ನಿಗದಿಪಡಿಸುತ್ತಾರೆ. ತಲೆಬುರುಡೆಗೆ ಅಂಟಿದಂತಿರುವ ರಕ್ತದ ತೆಳು ಪದರ ಒಂದು ವಿಂಡೋದಲ್ಲಿ ಮೂಳೆಯ ಬಿಳುಪಿನಲ್ಲಿ ಕರಗಿಹೋಗಿ, ಇನ್ನೊಂದರಲ್ಲಿ ಸ್ಪಷ್ಟವಾಗಿ ಬೇರ್ಪಡುತ್ತದೆ. ಫಿಲ್ಮಿನಲ್ಲಿರುವುದು ಒಂದೆರಡು ವಿಂಡೋಗಳಲ್ಲಿ ಅಚ್ಚಾದ ಕೆಲವೇ ಪದರಗಳು; ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ಫೋಟೊ ತೆಗೆದಾಗ ಬೆಳಕಿನ ಪ್ರತಿಫಲನ ಸೇರಿಕೊಂಡು, ಆ್ಯಪ್ ಅದನ್ನು ಮತ್ತಷ್ಟು ಕುಗ್ಗಿಸಿದಾಗ, ಉಳಿಯುವುದು ಚಿತ್ರದ ನೆರಳು ಮಾತ್ರ. ಮುಂದಿನ ಆಸ್ಪತ್ರೆಯನ್ನು ಎಚ್ಚರಿಸಲು ಅದು ಖಂಡಿತ ಉಪಯುಕ್ತ. ತಲೆಬುರುಡೆ ತೆರೆಯಬೇಕೇ ಬೇಡವೇ ಎಂದು ನಿರ್ಧರಿಸಲು ಸಾಲದು.

ಕಳುಹಿಸಬೇಕಾದದ್ದು ಡೈಕಾಮ್ ಕಡತ. 1993ರಲ್ಲಿ ಈ ಹೆಸರು ಪಡೆದ ಈ ಅಂತರರಾಷ್ಟ್ರೀಯ ಮಾನಕವು ಚಿತ್ರದ ಸಂಖ್ಯೆಗಳನ್ನೂ ಗಾಯಾಳುವಿನ ಹೆಸರು, ಸ್ಕ್ಯಾನ್ ಮಾಡಿದ ದಿನಾಂಕ, ವೇಳೆ, ಎಡ–ಬಲಗಳ ಗುರುತನ್ನೂ ಒಟ್ಟಿಗೇ ಹೊತ್ತಿರುವುದರಿಂದ, ಬೇರೆ ಕಂಪನಿಯ ಯಂತ್ರವಿರುವ ಆಸ್ಪತ್ರೆಯಲ್ಲೂ ಅದು ತೆರೆಯುತ್ತದೆ.

ಇಷ್ಟು ದೊಡ್ಡ ಕಡತವನ್ನು ನಮ್ಮ ಕಡೆಯ ಇಂಟರ್ನೆಟ್ ಎಳೆಯಲಾರದು ಎಂಬುದು ಎರಡನೆಯ ನಂಬಿಕೆ. ಒಂದು ಪದರಕ್ಕೆ ಸುಮಾರು ಅರ್ಧ ಮೆಗಾಬೈಟಿನಂತೆ 200 ಪದರಗಳ ತಲೆಯ ಸ್ಕ್ಯಾನ್ ಸುಮಾರು 100 ಮೆಗಾಬೈಟ್ ಆಗುತ್ತದೆ. ಸೆಕೆಂಡಿಗೆ 10 ಮೆಗಾಬಿಟ್ ವೇಗವಿದ್ದರೆ ಅದು ಒಂದೂವರೆ ನಿಮಿಷದೊಳಗೆ ಬಳ್ಳಾರಿಯಲ್ಲಿರುತ್ತದೆ, ಆ್ಯಂಬುಲೆನ್ಸಿಗಾದರೋ ಗಂಟೆಯೇ ಬೇಕು. 2002ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಸಂಸ್ಥೆಯು ಅಮೆರಿಕದ ಆಸ್ಪತ್ರೆಗಳ ರಾತ್ರಿ ವೇಳೆಯ ತುರ್ತು ಸ್ಕ್ಯಾನ್‌ಗಳನ್ನು ಕರ್ನಾಟಕದ ಹಗಲಿನಲ್ಲಿ ಓದಿ ವರದಿ ಕೊಡುತ್ತ ಬಂದಿದೆ. ಸಾಗರದಾಚೆಯ ಗಾಯಾಳುವಿಗೆ ಸಾಧ್ಯವಾದದ್ದು ಸಂಡೂರಿನ ಗಾಯಾಳುವಿಗೆ ಸಾಧ್ಯವಿಲ್ಲ ಎನ್ನಲು ಕಾರಣವಿಲ್ಲ. ಕೊರತೆಯಿರುವುದು ತಂತ್ರಜ್ಞಾನದಲ್ಲಲ್ಲ, ಬಳ್ಳಾರಿಯಲ್ಲಿ ರಾತ್ರಿ ಎರಡು ಗಂಟೆಗೆ ಕಡತವನ್ನು ಯಾರು ಸ್ವೀಕರಿಸಬೇಕು, ಯಾರು ನೋಡಬೇಕು ಎಂಬ ಏರ್ಪಾಟಿನಲ್ಲಿ.

ಆ ಏರ್ಪಾಟಿಲ್ಲದಿರುವಾಗ ಸಂಬಂಧಿಕರ ಕೈಗೆ ಸಿ.ಡಿ. ಕೊಡಲಾಗುತ್ತದೆ, ಆದರೆ ಈಗಿನ ಎಷ್ಟೋ ಕಂಪ್ಯೂಟರುಗಳಲ್ಲಿ ಅದನ್ನು ಹಾಕುವ ಡ್ರೈವ್ ಇರುವುದಿಲ್ಲ. ಹಾಗಾಗಿ ಸ್ಕ್ಯಾನ್ ಮತ್ತೊಮ್ಮೆ ನಡೆಯುತ್ತದೆ, ದುಡ್ಡಿಗಾಗಿಯೇ ಮಾಡಿಸಿದರು ಎಂಬ ಮಾತು ಹುಟ್ಟುತ್ತದೆ. ಈ ಮಾತು ಎಲ್ಲ ಸಂದರ್ಭಕ್ಕೂ ನ್ಯಾಯವಲ್ಲ. ತಲೆಯೊಳಗಿನ ರಕ್ತಸ್ರಾವ ಗಂಟೆಗಳಲ್ಲಿ ಹಿಗ್ಗಬಹುದಾದ್ದರಿಂದ ಪ್ರಜ್ಞೆ ಕುಂದಿದವರಿಗೆ ಹೊಸ ಸ್ಕ್ಯಾನ್ ಅನಿವಾರ್ಯ. ಹಳೆಯದನ್ನು ತೆರೆಯಲಾಗದೆ ಮಾಡುವ ಸ್ಕ್ಯಾನ್ ಮಾತ್ರ ನಿಜಕ್ಕೂ ವ್ಯರ್ಥ; ಅದರಿಂದ ಖರ್ಚಿನ ಜೊತೆಗೆ ಸುಮಾರು 2 ಮಿಲಿಸೀವರ್ಟ್ ವಿಕಿರಣ, ಅಂದರೆ ನಿಸರ್ಗದಿಂದಲೇ ಹತ್ತು ತಿಂಗಳಲ್ಲಿ ದೊರೆಯುವಷ್ಟು, ಗಾಯಾಳುವಿನ ದೇಹಕ್ಕೆ ಸೇರುತ್ತದೆ.

2021ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಗಳ ಆಭಾ ಸಂಖ್ಯೆ ಇದ್ದರೆ ಚಿತ್ರ ತಾನಾಗಿಯೇ ಸಿಗುತ್ತದೆ ಎಂದು ತಿಳಿದವರೂ ಇದ್ದಾರೆ. ಆ ವ್ಯವಸ್ಥೆಯಲ್ಲಿ ದಾಖಲೆಗಳು ಒಂದೆಡೆ ರಾಶಿಯಾಗದೆ ಆಯಾ ಆಸ್ಪತ್ರೆಯಲ್ಲೇ ಉಳಿಯುತ್ತವೆ. ಎರಡೂ ಆಸ್ಪತ್ರೆಗಳು ಜಾಲಕ್ಕೆ ಸೇರಿರಬೇಕು, ರೋಗಿಯ ಒಪ್ಪಿಗೆಯೂ ಬೇಕು. ಪ್ರಜ್ಞೆಯಿಲ್ಲದವರ ಚಿತ್ರವನ್ನು ಒಪ್ಪಿಗೆಯಿಲ್ಲದೆ ಕಳುಹಿಸುವುದು ಅಪರಾಧವೆಂಬ ಭಯ ಮಾತ್ರ ಬೇಡ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಕಲಮು, ಜೀವಕ್ಕೆ ಅಪಾಯವಿರುವ ವೈದ್ಯಕೀಯ ತುರ್ತಿನಲ್ಲಿ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಅವಕಾಶ ಕೊಟ್ಟಿದೆ.

ಸ್ಕ್ಯಾನ್ ಆಗದೆ ಆ್ಯಂಬುಲೆನ್ಸ್ ಹೊರಡಬಾರದು ಎಂಬುದೂ ತಪ್ಪು. ಹೊಟ್ಟೆಯೊಳಗೆ ರಕ್ತ ಸುರಿಯುತ್ತಿರುವವರಿಗೆ ಬೇಕಾದದ್ದು ಶಸ್ತ್ರಚಿಕಿತ್ಸಕರ ಕೈ. ಚಿತ್ರಕ್ಕಾಗಿ ಅವರನ್ನು ಕಾಯಿಸಬಾರದು.

ಸ್ಕ್ಯಾನ್ ಈಗಾಗಲೇ ಆಗಿದ್ದರೆ, ರೆಫರ್ ಚೀಟಿ ಕೈಗೆ ಬಂದಾಗ ಸಂಬಂಧಿಕರು ಫಿಲ್ಮ್ ಇರುವ ದೊಡ್ಡ ಕವರಿನ ಜೊತೆಗೆ ಡೈಕಾಮ್ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಅಥವಾ ಲಿಂಕಿನ ರೂಪದಲ್ಲಿ ಕೇಳಿ ಪಡೆಯಬೇಕು, ಸ್ಕ್ಯಾನ್ ಮಾಡಿದ ವೇಳೆಯನ್ನೂ ಆ ಕೇಂದ್ರದ ಫೋನ್ ಸಂಖ್ಯೆಯನ್ನೂ ಚೀಟಿಯ ಮೇಲೆ ಬರೆಸಿಕೊಳ್ಳಬೇಕು.