ಮಕ್ಕಳಿರುವ ಮನೆಯಲ್ಲಿ ಸೀಸದ ಬಗ್ಗೆ ಎಚ್ಚರ



ಚನ್ನರಾಯಪಟ್ಟಣ ತಾಲ್ಲೂಕಿನ ಕೆರೆಯಂಚಿನ ಒಂದು ಹಳ್ಳಿಯಲ್ಲಿ ಈಚೆಗೆ ನಾನು ಕಂಡ ನೋಟವಿದು. ಮನೆಯ ಯಜಮಾನರು ಟ್ರಾಕ್ಟರಿನ ಕೆಟ್ಟ ಬ್ಯಾಟರಿಯನ್ನು ಕೊಡಲಿಯಿಂದ ಒಡೆದು, ಅದರೊಳಗಿನ ಸೀಸವನ್ನು ಅಂಗಳದ ಒಲೆಯ ಮೇಲೆ ಹಳೆಯ ಬಾಣಲೆಯಲ್ಲಿ ಕರಗಿಸುತ್ತಿದ್ದರು. ಬೀಸುಬಲೆಯ ಅಂಚಿಗೆ ಕಟ್ಟಲು ಅವರಿಗೆ ಗುಂಡುಗಳು ಬೇಕಾಗಿದ್ದವು. ಒಂದು ಮಾರು ದೂರದಲ್ಲಿ ಅವರ ಒಂದೂವರೆ ವರ್ಷದ ಮಗು ಅದೇ ಮಣ್ಣಿನಲ್ಲಿ ಕೈಯಾಡಿಸಿ ಬೆರಳು ಚೀಪುತ್ತಿತ್ತು. "ಬ್ಯಾಟರಿ ನೀರು ಸುಡುತ್ತೆ ಅಂತ ಗೊತ್ತು ಸ್ವಾಮಿ, ಅದನ್ನ ಆಗಲೇ ಆ ಕಡೆ ಚೆಲ್ಲಿದೀನಿ. ಸೀಸದಿಂದ ಏನಾಗುತ್ತೆ?" ಎಂದು ಅವರು ಕೇಳಿದರು. ಈ ಪ್ರಶ್ನೆಯ ಉತ್ತರ ಎಲ್ಲ ತಂದೆ ತಾಯಿಗಳಿಗೂ ತಿಳಿದಿರಬೇಕಾದುದರಿಂದ ಇಲ್ಲಿ ಬರೆದಿದ್ದೇನೆ.

ಸೀಸವು ಮೈಯಲ್ಲಿ ಮಾಡುವ ಹಾನಿ

ಸೀಸದಿಂದ ನಮ್ಮ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಅದು ಮೈಯೊಳಗೆ ಸುಣ್ಣದಂಶದ ವೇಷ ಹಾಕಿಕೊಂಡು ಮೂಳೆಗೂ ಮಿದುಳಿಗೂ ಸೇರುತ್ತದೆ. ಮೂಳೆಗೆ ಸೇರಿದ ಸೀಸ ಹತ್ತಾರು ವರ್ಷ ಅಲ್ಲಿಯೇ ಉಳಿದು, ಹೆಣ್ಣುಮಕ್ಕಳು ಗರ್ಭಿಣಿಯಾದಾಗ ರಕ್ತಕ್ಕೆ ಇಳಿದು ಹೊಟ್ಟೆಯಲ್ಲಿರುವ ಕೂಸಿಗೂ ತಲುಪುತ್ತದೆ.

ನುಂಗಿದ ಸೀಸದಲ್ಲಿ ದೊಡ್ಡವರ ಮೈ ಹೀರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಪಾಲನ್ನು ಎಳೆಯ ಮಕ್ಕಳ ಮೈ ಹೀರಿಕೊಳ್ಳುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗಿಡುವುದೂ ಸಹಜ. ತೆಂಗಿನ ಸಸಿಯ ಸುಳಿಯನ್ನು ದುಂಬಿ ಕೊರೆದ ಮೇಲೆ ಬುಡಕ್ಕೆ ಎಷ್ಟು ಗೊಬ್ಬರ ಹಾಕಿದರೂ ಕಳೆದ ಸುಳಿ ಮರಳುವುದಿಲ್ಲವೆಂಬುದು ನಮ್ಮ ರೈತರಿಗೆ ತಿಳಿದ ವಿಷಯ. ಬೆಳೆಯುವ ಮಿದುಳಿಗೆ ಸೀಸ ಮಾಡುವ ಹಾನಿಯೂ ಅಂತಹುದೇ. ಮಗುವಿನ ಗ್ರಹಣ ಶಕ್ತಿ ಕುಗ್ಗುತ್ತದೆ, ಗಮನ ನಿಲ್ಲುವುದಿಲ್ಲ, ಓದಿನಲ್ಲಿ ಹಿಂದೆ ಬೀಳುತ್ತದೆ. ಆಗ ನಾವು "ಮಗು ದಡ್ಡ" ಎಂದು ಅದನ್ನೇ ದೂರುತ್ತೇವೆ.

ಇದರಲ್ಲಿ ದೊಡ್ಡ ಅಪಾಯವೆಂದರೆ ಹೆಚ್ಚಿನ ಮಕ್ಕಳಲ್ಲಿ ಹೊರಗೆ ಯಾವ ಲಕ್ಷಣವೂ ಕಾಣದಿರುವುದು. ಪ್ರಮಾಣ ಏರಿದಾಗ ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆ, ಮಂಕುತನ ಕಾಣಿಸಬಹುದು. ಇನ್ನೂ ಏರಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಆಫ್ರಿಕದ ಸೆನೆಗಲ್ ದೇಶದ ಡಾಕರ್ ನಗರದಂಚಿನ ಒಂದು ಬಡಾವಣೆಯಲ್ಲಿ ಜನರು ಹಳೆಯ ಬ್ಯಾಟರಿಯ ಸೀಸವನ್ನು ಜರಡಿ ಹಿಡಿದು ಆಯುತ್ತಿದ್ದರು. ಅಲ್ಲಿ 2007ರ ಕೊನೆಯಿಂದ 2008ರ ಮಾರ್ಚಿಯೊಳಗೆ 18 ಮಕ್ಕಳು ತೀರಿಕೊಂಡರು.

ಇದು ದೂರದ ಮಾತಲ್ಲ

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ವಿಷಯದಲ್ಲಿ ಬಹುಕಾಲ ದುಡಿದವರು. ಬೆಂಗಳೂರೂ ಸೇರಿದಂತೆ ದೇಶದ ದೊಡ್ಡ ನಗರಗಳಲ್ಲಿ ನಡೆದು 1999ರಲ್ಲಿ ಪ್ರಕಟವಾದ ರಕ್ತ ಪರೀಕ್ಷೆಯಲ್ಲಿ, 12 ವರ್ಷದೊಳಗಿನ ಮಕ್ಕಳ ಪೈಕಿ ಸುಮಾರು ಅರ್ಧದಷ್ಟು ಮಂದಿಯ ರಕ್ತದಲ್ಲಿ ಸೀಸವು ಒಂದು ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚಿತ್ತು. 2000ನೆಯ ಇಸವಿಯಲ್ಲಿ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಇದರಿಂದ ಗಾಳಿಯ ಸೀಸ ತಗ್ಗಿತಾದರೂ ಮನೆಯೊಳಗಿನ ಸೀಸ ಉಳಿಯಿತು. ಮಂಗಳೂರಿನಲ್ಲಿ ಸಂಶೋಧಕರು ರಕ್ತದಲ್ಲಿ ಸೀಸ ಏರಿದ್ದ ಮಕ್ಕಳ ಮನೆಗಳಿಗೇ ಉಪಕರಣ ಕೊಂಡೊಯ್ದು ಸೀಸದ ಮೂಲ ಹುಡುಕಿ, 2004ರಲ್ಲಿ ವರದಿ ಪ್ರಕಟಿಸಿದರು. ಮಗುವಿಗೆ ಮದ್ದು ಕೊಟ್ಟರೆ ಸಾಲದು, ಮೂಲವನ್ನು ಹುಡುಕಿ ತೆಗೆಯಬೇಕು ಎಂಬುದೇ ಇದರ ಪಾಠ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ, ರಕ್ತದಲ್ಲಿ 5 ಮೈಕ್ರೋಗ್ರಾಂ ಕಂಡರೇ ಮೂಲವನ್ನು ಪತ್ತೆ ಮಾಡಬೇಕೆಂದು ಸೂಚಿಸಿದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಸೀಸಕ್ಕಿಲ್ಲ.

ನಮ್ಮ ಮನೆಗಳಲ್ಲಿ ಸೀಸ ಎಲ್ಲೆಲ್ಲಿದೆ?

1. ಹಳೆಯ ಬ್ಯಾಟರಿ: ಟ್ರಾಕ್ಟರು, ಲಾರಿ, ಯು.ಪಿ.ಎಸ್. ಬ್ಯಾಟರಿಗಳ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಸೀಸ ಕರಗಲು 327 ಡಿಗ್ರಿ ಶಾಖ ಸಾಕಾಗುವುದರಿಂದ ಸೌದೆ ಒಲೆಯಲ್ಲೇ ಕರಗುತ್ತದೆ. ಆಗ ಏಳುವ ಹೊಗೆ, ಧೂಳು ಅಂಗಳ, ಬಟ್ಟೆ, ಪಾತ್ರೆಗಳ ಮೇಲೆ ಕೂರುತ್ತವೆ. ಚೆಲ್ಲಿದ ಬ್ಯಾಟರಿ ನೀರಿನಲ್ಲಿಯೂ ಸೀಸವಿರುತ್ತದೆ. ಬ್ಯಾಟರಿಯನ್ನು ಮನೆಯಲ್ಲಿ ಎಂದಿಗೂ ಒಡೆಯಬಾರದು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಇಡಿಯಾಗಿ ಅಂಗಡಿಗೆ ಹಿಂತಿರುಗಿಸಿ ಬೆಲೆಯಲ್ಲಿ ಮುರಿದುಕೊಳ್ಳತಕ್ಕದ್ದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹಣೆಯ ಹೊಣೆ ತಯಾರಕರದು. ಬಲೆಯ ಗುಂಡನ್ನು ಮನೆಯಲ್ಲಿ ಎರಕ ಹೊಯ್ಯದೆ ಸಿದ್ಧವಾದುದನ್ನೇ ಕೊಳ್ಳಿರಿ. ಅದನ್ನು ಹಲ್ಲಿನಿಂದ ಕಚ್ಚಬೇಡಿರಿ, ಮಕ್ಕಳ ಕೈಗೆ ಕೊಡಬೇಡಿರಿ.

2. ಹಳೆಯ ಬಣ್ಣ: ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅದಕ್ಕೆ ಮೊದಲು ಬಳಿದ ಬಾಗಿಲು, ಕಿಟಕಿ, ತೊಟ್ಟಿಲುಗಳನ್ನು ಒಣಗಿದಂತೆಯೇ ಉಪ್ಪುಕಾಗದದಿಂದ ತಿಕ್ಕಬೇಡಿರಿ. ನೀರು ಹಚ್ಚಿ ತಿಕ್ಕಿ, ಧೂಳನ್ನು ಒದ್ದೆ ಬಟ್ಟೆಯಿಂದ ತೆಗೆಯಿರಿ. ಆ ಹೊತ್ತು ಮಕ್ಕಳು ಹತ್ತಿರವಿರಕೂಡದು.

3. ಪಾತ್ರೆ: ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ಶುದ್ಧ ತವರವನ್ನೇ ಬಳಸಲು ಹೇಳಿರಿ. ಅದಕ್ಕೆ ಸೀಸ ಬೆರೆತಿದ್ದರೆ ಹುಣಸೆ ಹುಳಿಯ ಸಾರಿಗೆ ಅದು ಬಿಡುತ್ತದೆ. ಕುದಿಸಿದರೆ ಸೀಸ ಹೋಗುವುದಿಲ್ಲ.

4. ಅರಿಸಿನ: ಬಾಂಗ್ಲಾದೇಶದಲ್ಲಿ ಅರಿಸಿನದ ಕೊಂಬಿಗೆ ಹೊಳಪು ಬರಲೆಂದು ಸೀಸದ ಹಳದಿ ಬಣ್ಣ ಬಳಿಯುತ್ತಿದ್ದುದು 2019ರಲ್ಲಿ ಬಯಲಾಯಿತು. ಕೊಂಬನ್ನು ಗಾಜಿನ ಲೋಟದ ನೀರಿಗೆ ಹಾಕಿದ ಕೂಡಲೇ ಬಣ್ಣ ಬಿಟ್ಟರೆ ಅದನ್ನು ಬಳಸಬೇಡಿರಿ.

5. ಕಾಡಿಗೆ, ಭಸ್ಮ: ಕೆಲವು ಕಾಡಿಗೆಗಳಲ್ಲಿ ಸೀಸವಿರುತ್ತದೆ. ನಾಗಭಸ್ಮವೆಂಬುದು ಸೀಸದಿಂದಲೇ ಮಾಡುವಂಥದು. ಮಕ್ಕಳ ಕಣ್ಣಿಗೆ ಕಾಡಿಗೆ ಹಚ್ಚುವುದನ್ನೂ ಗೊತ್ತಿಲ್ಲದ ಭಸ್ಮ ತಿನ್ನಿಸುವುದನ್ನೂ ಬಿಡುವುದು ಒಳಿತು.

ತಂದೆ ತಾಯಿಗಳು ಮಾಡಬೇಕಾದುದು

ಊಟಕ್ಕೆ ಮುಂಚೆ ಮಗುವಿನ ಕೈಯನ್ನು ಸೋಪಿನಿಂದ ತೊಳೆಯಿರಿ. ನೆಲವನ್ನು ಬರೀ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿರಿ. ಬ್ಯಾಟರಿ, ಬಣ್ಣ, ಗುಜರಿ ಕೆಲಸಕ್ಕೆ ಹೋಗುವವರು ಮನೆಗೆ ಬಂದೊಡನೆ ಸ್ನಾನ ಮಾಡಿ, ಬಟ್ಟೆ ಬದಲಿಸಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಲಿ. ಹಸಿದ ಹೊಟ್ಟೆಯೂ ಕಬ್ಬಿಣ, ಸುಣ್ಣದಂಶಗಳ ಕೊರತೆಯಿರುವ ಮೈಯೂ ಸೀಸವನ್ನು ಹೆಚ್ಚಾಗಿ ಹೀರುತ್ತವೆ. ಆದಕಾರಣ ನಮ್ಮ ರಾಗಿ, ನುಗ್ಗೆ ಸೊಪ್ಪು, ಹುರುಳಿ, ಹಾಲು, ನೆಲ್ಲಿಕಾಯಿಗಳನ್ನು ಮಗುವಿಗೆ ಹೊತ್ತು ಹೊತ್ತಿಗೆ ಕೊಡಿರಿ. ಮನೆಯಲ್ಲಿ ಮೇಲಿನ ಕೆಲಸಗಳು ನಡೆದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಆ ಸಂಗತಿಯನ್ನು ತಿಳಿಸಿ, ರಕ್ತದಲ್ಲಿ ಸೀಸದ ಪರೀಕ್ಷೆ ಎಲ್ಲಿ ಆಗುವುದೆಂದು ಕೇಳಿರಿ. ನಾವಾಗಿ ಹೇಳದಿದ್ದರೆ ಅವರಿಗೆ ಅನುಮಾನ ಬರಲು ಕಾರಣವಿರುವುದಿಲ್ಲ.

ಮೊದಲು ಹೇಳಿದ ಯಜಮಾನರು ಎಲ್ಲವನ್ನೂ ಕೇಳಿ ಒಲೆ ಆರಿಸಿದರು. ಒಡೆದ ಬ್ಯಾಟರಿಯನ್ನು ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ಮುಚ್ಚಿ ಅಂಗಡಿಗೆ ಸೇರಿಸಿದರು. ಒಲೆಯ ಸುತ್ತಲಿನ ನೆಲಕ್ಕೆ ನೀರು ಚಿಮುಕಿಸಿ, ಬೇರೆ ಕಡೆಯ ಮಣ್ಣನ್ನು ದಪ್ಪನಾಗಿ ಹರಡಿ ದಮ್ಮಸ್ಸು ಮಾಡಿದರು. ಮಗುವನ್ನು ಪರೀಕ್ಷೆಗೆ ಕರೆದೊಯ್ಯಲು ಒಪ್ಪಿದ್ದಾರೆ. ನಿಮ್ಮ ಕೊಟ್ಟಿಗೆಯ ಮೂಲೆಯಲ್ಲಿಯೂ ಹಳೆಯ ಬ್ಯಾಟರಿಯೊಂದು ಬಿದ್ದಿದ್ದರೆ, ಮುಂದಿನ ಸಂತೆಯ ದಿನ ಪೇಟೆಗೆ ಹೋಗುವಾಗ ಮರೆಯದೆ ಅದನ್ನೂ ಗಾಡಿಗೆ ಹಾಕಿಕೊಳ್ಳಿರಿ.